ಶಾಲು ಸಾಕು, ಗ್ರಾಚ್ಯುಟಿ ಕೊಡಿ

ಆಶಾ ಕಾರ್ಯಕರ್ತೆಯರಿಗೆ ಇನ್ನೊಂದು ಸನ್ಮಾನ ಬೇಡ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಊರುಗಳಲ್ಲಿ ಜನರು ಅವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರೆ ಅದು ಪ್ರೀತಿ. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಸರ್ಕಾರವೂ ಅಷ್ಟಕ್ಕೇ ಕೈತೊಳೆದುಕೊಳ್ಳುವುದು ಅನ್ಯಾಯ. ಅದು ಕೊಡಬೇಕಾದದ್ದು ಗ್ರಾಚ್ಯುಟಿ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಮನೆಬಾಗಿಲಿಗೆ ಊಟ ತಂದುಕೊಡುವ ಗಿಗ್ ಕಾರ್ಮಿಕರಿಗೆ ಅದರ ವ್ಯಾಖ್ಯಾನಗಳಲ್ಲಿ ಜಾಗ ಸಿಕ್ಕಿದೆ, ಸಿಗಲೇಬೇಕಿತ್ತು. ಅದೇ ಬಾಗಿಲಿಗೆ ಬಂದು ಹಸುಗೂಸಿನ ತೂಕ ನೋಡಿ ಹೋಗುವವಳಿಗೆ ಸಿಕ್ಕಿಲ್ಲ. ಅವಳು ಇಂದಿಗೂ ‘ಸ್ವಯಂಸೇವಕಿ’.

ಇಂಥದೇ ತಕರಾರಿನ ಮೇಲೆ, ಅಂಗನವಾಡಿಯವರ ವಿಷಯದಲ್ಲಿ, ಸುಪ್ರೀಂ ಕೋರ್ಟ್ ಈಗಾಗಲೇ ಮಾತಾಡಿದೆ. 2006ರ ಡಿಸೆಂಬರಿನಲ್ಲಿ, ಕರ್ನಾಟಕ ರಾಜ್ಯ ಮತ್ತು ಅಮೀರ್‌ಬಿ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಎಂದು ಅದು ಹೇಳಿತ್ತು. ಗೌರವಧನದ ಮೇಲೆ ದುಡಿಯುವ ಹೆಂಗಸರು ಹಕ್ಕು ಕೇಳಿದಾಗಲೆಲ್ಲ ಸರ್ಕಾರಗಳು ಮುಂದಿಟ್ಟದ್ದು ನಮ್ಮ ರಾಜ್ಯದಿಂದಲೇ ಹೋದ ಈ ತೀರ್ಪನ್ನು. ಹದಿನೈದು ವರ್ಷ ಕಳೆದ ಮೇಲೆ, 2022ರ ಏಪ್ರಿಲ್ 25ರಂದು, ಗುಜರಾತಿನ ಅಂಗನವಾಡಿಯವರ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಆ ಅಡ್ಡಗೋಡೆ ಕೆಡವಿದರು. ಓಕಾ ಅವರು ಅದಕ್ಕೆ ಹಿಂದಿನ ವರ್ಷದವರೆಗೆ ನಮ್ಮದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಹುದ್ದೆ ಸರ್ಕಾರಿಯೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ, ಗ್ರಾಚ್ಯುಟಿ ಬೇರೆ ಪ್ರಶ್ನೆ. ಗೌರವಧನ ಎಂದು ಕರೆದರೂ ಅದು ದುಡಿಮೆಗೆ ಕೊಟ್ಟ ಕೂಲಿಯೇ ಎಂದರು. ಅರೆಕಾಲಿಕ ಕೆಲಸ ಎಂಬ ವಾದವನ್ನೂ ಒಪ್ಪಲಿಲ್ಲ. ಕರ್ನಾಟಕವೂ ತನ್ನ ಅಂಗನವಾಡಿಯವರಿಗೆ ಗ್ರಾಚ್ಯುಟಿ ಕೊಡಲು ಒಪ್ಪಿತು.

ತೀರ್ಪು ಬಂದ 27ನೇ ದಿನ, ಅಂದರೆ ಮೇ 22ರಂದು, ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಘೋಷಿಸಿತು. ಪ್ರಶಸ್ತಿಯನ್ನು ಅಂದಿನಿಂದ ಭಾಷಣಗಳಲ್ಲಿ ಕೇಳುತ್ತಿದ್ದೇವೆ. ತೀರ್ಪನ್ನು ಆಶಾಗಳ ಹೆಸರಿನ ಜೊತೆ ಯಾವ ಮಂತ್ರಿಯೂ ಎತ್ತಿದ್ದನ್ನು ನಾನು ಕೇಳಿಲ್ಲ.

ಆ ತೀರ್ಪು ಆಶಾಗಳಿಗೆ ನೇರವಾಗಿ ಅನ್ವಯಿಸದು ಎಂಬ ತಕರಾರಿದೆ, ಅದನ್ನು ಒಪ್ಪುತ್ತೇನೆ. ಅಂಗನವಾಡಿಗೆ ಕಟ್ಟಡವಿದೆ, ಬೆನ್ನಿಗೆ ಆಹಾರ ಭದ್ರತಾ ಕಾಯ್ದೆಯಿದೆ. ಆಶಾಗೆ ಎರಡೂ ಇಲ್ಲ. ಆದರೆ ಅವಳ ದಿನಚರಿ ನೋಡಿ. ಸಾವಿರ ಜನಕ್ಕೊಬ್ಬಳಂತೆ ಹಂಚಿದ ಮನೆಗಳು. ಹೆರಿಗೆಯಾಗಿ ಬಂದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಲೇಬೇಕು. ಆರೂ ಭೇಟಿ ಸೇರಿ ₹250. ಸಂಜೆಯಾದರೆ ಚಿರತೆಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಮಾಗಡಿ ಸೀಮೆಯ ಒಂಟಿಮನೆಗೂ ಲೆಕ್ಕ ಅಷ್ಟೇ. ಹೋಗಿದ್ದು ಪೋರ್ಟಲ್‌ನಲ್ಲಿ ದಾಖಲಾಗದಿದ್ದರೆ ದುಡ್ಡು ನಿಲ್ಲುತ್ತದೆ. ದಿನ ಗೊತ್ತುಮಾಡಿ, ದರ ಗೊತ್ತುಮಾಡಿ, ತಪ್ಪಿದರೆ ಹಣ ಹಿಡಿಯುವವರು ಮಾಲೀಕರಲ್ಲದೆ ಇನ್ನಾರು?

ಲೆಕ್ಕವನ್ನೂ ಹಾಕೋಣ. 2025ರ ಜನವರಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಚಳಿಯಲ್ಲಿ ಕೂತ ಮೇಲೆ, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ ₹10,000 ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಮುಖ್ಯಮಂತ್ರಿಯಿಂದ ಸಿಕ್ಕಿತು. ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂರಬೇಕಾಯಿತು. ಆ ಹತ್ತು ಸಾವಿರವನ್ನೇ ಹಿಡಿದರೂ, ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ, ತಿಂಗಳಿಗೆ 26 ದಿನವೆಂದು ಭಾಗಿಸಿದರೆ, 15 ವರ್ಷ ದುಡಿದವಳಿಗೆ ಬರುವ ಗ್ರಾಚ್ಯುಟಿ ₹86,538. ಕೇಂದ್ರ ಸರ್ಕಾರ 2025ರಲ್ಲಿ ಹತ್ತು ವರ್ಷ ಸೇವೆ ಮಾಡಿ ಬಿಡುವವರ ಇಡುಗಂಟನ್ನು ₹20,000ದಿಂದ ₹50,000ಕ್ಕೆ ಏರಿಸಿದೆ, ಸಂತೋಷ. ಹದಿನೈದು ವರ್ಷ ಕಳೆದರೂ ಅದು ಐವತ್ತು ಸಾವಿರವೇ. ಸರ್ಕಾರದ ಮನಸ್ಸು ಬದಲಾದರೆ ಅದೂ ಇಲ್ಲ. ಅವಳು ಅದನ್ನು ಹಕ್ಕೆಂದು ಕೇಳುವಂತಿಲ್ಲ.

ಇದೇ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರಿಗೆ ನಾಡು ಕೊಡದ ಗೌರವವಿಲ್ಲ. ನಾಡೋಜ, ಪದ್ಮಶ್ರೀ, ಗೌರವ ಡಾಕ್ಟರೇಟ್. ಗಂಡನ ನೆನಪಿಗೆ ತನ್ನೂರಲ್ಲೊಂದು ಆಸ್ಪತ್ರೆ ಕಟ್ಟಬೇಕೆಂಬುದು ಆ ತಾಯಿಯ ಬಹುಕಾಲದ ಆಸೆ. ಅದಕ್ಕೆಂದೇ ಟ್ರಸ್ಟನ್ನೂ ಮಾಡಿದ್ದರು. ಸಂಹಿತೆ ಜಾರಿಗೆ ಬರುವುದಕ್ಕೆ ಒಂದು ವಾರ ಮೊದಲು, ನವೆಂಬರ್ 14ರಂದು ಕಣ್ಣುಮುಚ್ಚಿದರು. ಶಾಲುಗಳ ರಾಶಿ ಎಷ್ಟು ಎತ್ತರಕ್ಕೆ ಬೆಳೆದರೂ ಆ ಮುದುಕಿ ಕೊನೆತನಕ ಕೇಳುತ್ತಿದ್ದದ್ದು ಬೇರೆ.

ರಾಜ್ಯ ಸರ್ಕಾರ ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ. ಅಂಗನವಾಡಿಯವರಿಗೆ ಒಪ್ಪಿದ್ದನ್ನು ಆಶಾಗಳಿಗೂ ಒಪ್ಪಲಿ, ಸೇರಿದ ದಿನದಿಂದ ಸೇವೆ ಎಣಿಸಲಿ. ತಡಮಾಡುವಂತೆಯೂ ಇಲ್ಲ. ಆಶಾಗಳ ಆಯ್ಕೆಗೆ ಇಟ್ಟ ವಯಸ್ಸು 25ರಿಂದ 45. ಯೋಜನೆಯ ಮೊದಲ ವರ್ಷಗಳಲ್ಲಿ ನಲವತ್ತೈದರ ಅಂಚಿನಲ್ಲಿ ಸೇರಿದವರು ಈಗ ಅರವತ್ತು ದಾಟುತ್ತಿದ್ದಾರೆ. ಚೀಲ, ತಕ್ಕಡಿ ಒಪ್ಪಿಸಿ ಮನೆಗೆ ಹೋಗುತ್ತಿದ್ದಾರೆ.