ಚಾರ್ಟಿನಲ್ಲಿ ಕಬ್ಬಿಣಕ್ಕೆ ಜಾಗವಿದೆ, ಕನ್ನಡದ ಹುಡುಗನಿಗಿಲ್ಲ!

ಕನ್ನಡದ ಯುವಕರೇ, “ಸ್ಥಳೀಯರಲ್ಲಿ ಅರ್ಹರು ಸಿಗಲಿಲ್ಲ” ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೀರಿ? ಯಾದಗಿರಿ, ಶಹಾಪುರ, ಸುರಪುರದ ಹುಡುಗರಿಗೆ ಅದು ಕೇಳಿ ಕೇಳಿ ಸಾಕಾಗಿದೆ. ಕಡೇಚೂರು-ಬಾಡಿಯಾಳದಲ್ಲಿ ಕೆಐಎಡಿಬಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ರೈತರ ಹೊಲ ಕಿತ್ತುಕೊಂಡಿತು. ಔಷಧ, ರಾಸಾಯನಿಕ ಕಾರ್ಖಾನೆಗಳು ಬಂದವು. ಹಿಂದೆಯೇ ದುರ್ವಾಸನೆ ಬಂತು, ಊರವರ ದೂರು ಬಂತು. ಗೇಟಿನೊಳಗಿನ ಒಳ್ಳೆಯ ಕೆಲಸ ಯಾರಿಗೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಬೆಂಗಳೂರಿನಲ್ಲಿ ನಿಮ್ಮ ಎದುರಿನ ಕಟ್ಟಡಕ್ಕೆ ಸಿಮೆಂಟು ಹೊರುವ ಕುಟುಂಬ ಯಾವ ಊರಿನದು, ಒಮ್ಮೆ ಕೇಳಿ ನೋಡಿ. ಗುಳೆ ಬಂದವರು ಅವರೇ!

ಅರ್ಹರು ಏಕೆ ಸಿಗುವುದಿಲ್ಲ? ಕಾರ್ಖಾನೆ ಕಟ್ಟುವವರ ಚಾರ್ಟು ಬಿಚ್ಚಿ ನೋಡಿದರೆ ಗುಟ್ಟು ತಿಳಿಯುತ್ತದೆ. ಕ್ರಿಟಿಕಲ್ ಪಾತ್ ಎನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಇದನ್ನು ಬೆಳೆಸಿದ್ದು ಅಮೆರಿಕದ ರಾಸಾಯನಿಕ ಕಂಪನಿ ಡ್ಯೂಪಾಂಟ್. ಪೆಟ್ರೋಕೆಮಿಕಲ್ ಘಟಕ ಎಂದರೆ ನೂರಾರು ಕೆಲಸ: ವಿನ್ಯಾಸ, ಪರಿಸರ ಅನುಮತಿ, ಅಡಿಪಾಯ, ರಿಯಾಕ್ಟರು, ಕಂಪ್ರೆಸರು, ಪೈಪು, ಒತ್ತಡದ ಪರೀಕ್ಷೆ. ಒಂದು ಮುಗಿಯದೆ ಇನ್ನೊಂದು ಶುರುವಾಗದ ಕೆಲಸಗಳ ಅತಿ ಉದ್ದದ ಸರಪಳಿಯೇ ಕ್ರಿಟಿಕಲ್ ಪಾತ್. ಅದರಲ್ಲಿ ಒಂದು ದಿನ ತಡವಾದರೆ ಇಡೀ ಕಾರ್ಖಾನೆಯೇ ಒಂದು ದಿನ ತಡ. ಉಳಿದ ಕೆಲಸಕ್ಕೆ ‘ಫ್ಲೋಟ್’ ಇರುತ್ತದೆ, ಅಂದರೆ ನಾಳೆ ಮಾಡಿದರೂ ನಡೆಯುತ್ತದೆ. ಅದಕ್ಕೇ ದೊಡ್ಡ ಕಂಪ್ರೆಸರಿಗೆ ವರ್ಷ ಮೊದಲೇ ಆರ್ಡರು ಹೋಗುತ್ತದೆ. ಅದನ್ನು ನಡೆಸುವ ಮನುಷ್ಯನಿಗೆ? ಉದ್ಘಾಟನೆಗೆ ಎರಡು ತಿಂಗಳಿರುವಾಗ ಜಾಹೀರಾತು, “ಐದು ವರ್ಷ ಅನುಭವ ಕಡ್ಡಾಯ”!

ಲೆಕ್ಕ ಮಾಡೋಣ. ಮೂರು ವರ್ಷದ ಯೋಜನೆ ಎಂದಿಟ್ಟುಕೊಳ್ಳಿ. ಯಂತ್ರ ಚಾಲೂ ಆಗುವ ಆರು ತಿಂಗಳು ಮೊದಲು ಆಪರೇಟರು ಸ್ಥಳದಲ್ಲಿರಬೇಕು; ಪೈಪು ಜೋಡಿಸುವಾಗಲೇ ಘಟಕವನ್ನು ಕಲಿಯಬೇಕು. ಐಟಿಐಯಲ್ಲಿ ರಾಸಾಯನಿಕ ಘಟಕದ ಆಪರೇಟರ್ ಕೋರ್ಸು ಎರಡು ವರ್ಷ. ಮೂವತ್ತಾರರಲ್ಲಿ ಆರು ಕಳೆಯಿರಿ, ಇಪ್ಪತ್ತನಾಲ್ಕು ಕಳೆಯಿರಿ. ಉಳಿದದ್ದು ಆರು. ಅಂದರೆ ಕೆಲಸ ಶುರುವಾಗಿ ಆರನೇ ತಿಂಗಳಲ್ಲಿ ಸುರಪುರದ ಹುಡುಗ ಐಟಿಐ ಬೆಂಚಿನ ಮೇಲೆ ಕೂತಿರಬೇಕು. ಆಗ ಕೂರಿಸಲಿಲ್ಲವೋ, ಕೊನೆಗೆ ಅರ್ಹರು ಸಿಗುವುದಿಲ್ಲ. ಇದು ಆಕಸ್ಮಿಕವಲ್ಲ ಸ್ವಾಮಿ, ಚಾರ್ಟಿನಲ್ಲೇ ಬರೆದಿಟ್ಟ ಅನ್ಯಾಯ!

ಮಂಗಳೂರನ್ನು ನೋಡಿ. ಎಂಆರ್‌ಪಿಎಲ್ 1996ರಿಂದ ಎಣ್ಣೆ ಶುದ್ಧೀಕರಿಸುತ್ತಿದೆ. ಕಾಲು ಶತಮಾನ ಕಳೆದ ಮೇಲೂ, 2021ರ ನೇಮಕಾತಿಯಲ್ಲಿ ಸ್ಥಳೀಯರು ಬೆರಳೆಣಿಕೆಯಷ್ಟು ಎಂದು ಕರಾವಳಿ ಕನಲಿತು. ಸುರತ್ಕಲ್‌ನಂಥ ಎಂಜಿನಿಯರಿಂಗ್ ಕಾಲೇಜಿರುವ ಜಿಲ್ಲೆಯ ಗತಿಯೇ ಹೀಗಾದರೆ ಯಾದಗಿರಿಯ ಪಾಡೇನು?

“371ಜೆ ಇದೆಯಲ್ಲ” ಎನ್ನುತ್ತಾರೆ ನಮ್ಮ ನಾಯಕರು. ಇದೆ, ಸರ್ಕಾರಿ ಹುದ್ದೆಗೆ, ಕಾಲೇಜು ಸೀಟಿಗೆ. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಅದರ ಆಟ ನಡೆಯದು. ಸರೋಜಿನಿ ಮಹಿಷಿ ವರದಿ ಧೂಳು ತಿಂದದ್ದು ನಿಮಗೆ ಗೊತ್ತೇ ಇದೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗದ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗದರಿದ ಕೂಡಲೇ ಅದು ಕಪಾಟು ಸೇರಿತು. ಎಂಥ ಪೌರುಷ!

ಇದು ಹೊಟ್ಟೆಪಾಡಿನ ಮಾತಷ್ಟೇ ಅಲ್ಲ, ಜೀವದ ಮಾತು. 1948ರ ಕಾರ್ಖಾನೆ ಕಾಯ್ದೆ ದಶಕಗಳ ಕಾಲ ಹೇಳಿದ್ದೇನು? ಸೂಚನಾ ಫಲಕ ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಎಂದು. ಒಳಗೆ ಕನ್ನಡಿಗರೇ ಕಡಿಮೆಯಾದರೆ ಫಲಕದಲ್ಲಿ ಕನ್ನಡ ಎಲ್ಲಿಂದ ಬರಬೇಕು? 1984ರಲ್ಲಿ ಭೋಪಾಲದ ಅನಿಲ ಗೋಡೆ ದಾಟುವಾಗ ಯಾರ ಭಾಷೆಯನ್ನೂ ಕೇಳಲಿಲ್ಲ. ಗೋಡೆಯಾಚೆ ಇರುವವರು ನಮ್ಮವರು. (ಹೊರಗಿನಿಂದ ದುಡಿಯಲು ಬಂದ ಬಡವನ ಮೇಲೆ ಕೈ ಮಾಡುವವರು ನಮ್ಮ ಜೊತೆ ಬರಬೇಡಿ. ಜಗಳ ಚಾರ್ಟು ಬರೆದವನ ಜೊತೆ.)

ಹೈದರಾಬಾದಿನವರು ಬರಲಿ, ಮುಂಬೈನವರು ಬರಲಿ. ಭೂಮಿ, ನೀರು, ವಿದ್ಯುತ್ತಿನ ರಿಯಾಯಿತಿ ಕೊಡುವ ದಿನವೇ ಸರ್ಕಾರ ಆ ಚಾರ್ಟನ್ನು ಕನ್ನಡದಲ್ಲಿ ಪ್ರಕಟಿಸಲಿ. ತರಬೇತಿಯ ಗೆರೆ ಕ್ರಿಟಿಕಲ್ ಪಾತ್ ಮೇಲೇ ಇರಲಿ: ಮೊದಲ ತಂಡ ಐಟಿಐ ಸೇರುವ ತನಕ ಅಡಿಪಾಯದ ಕಾಂಕ್ರೀಟಿಗೆ ಅನುಮತಿಯಿಲ್ಲ. ಮುಂದಿನ ಕಂಪನಿ ಕಡೇಚೂರಿಗೆ ಕಾಲಿಟ್ಟ ದಿನ ನಾವು ಕೇಳುವ ಕಾಗದ ಅದೊಂದೇ. ಆರನೇ ತಿಂಗಳ ಕಾಲಂನಲ್ಲಿ ಏನು ಬರೆದಿದ್ದೀರಿ, ತೋರಿಸಿ!