ದುಡಿಯುವ ಕೈ, ಗುರಿಯಿಡುವ ಕೈ

೨೦೨೬ನೆಯ ಜನವರಿಯಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ಸಿನಲ್ಲಿ ಮುಗಿದ ವಿಶ್ವ ಡಾರ್ಟ್ಸ್ ಸ್ಪರ್ಧೆಯಲ್ಲಿ ಲ್ಯೂಕ್ ಲಿಟ್ಲರ್ ಎಂಬ ಹದಿನೆಂಟರ ತರುಣನು ಸತತವಾಗಿ ಎರಡನೆಯ ಬಾರಿ ಗೆದ್ದು, ಹತ್ತು ಲಕ್ಷ ಪೌಂಡುಗಳ ಬಹುಮಾನಕ್ಕೆ ಒಡೆಯನಾದನು. ವೃತ್ತಪತ್ರಿಕೆಗಳು ಆತನ ಪ್ರತಿಭೆಯನ್ನು ಮುಕ್ತಕಂಠದಿಂದ ಹೊಗಳಿದವು. ಆ ಹೊಗಳಿಕೆ ನ್ಯಾಯವಾದುದೇ. ಆದರೆ ಪ್ರತಿಭೆ ಎಂಬುದು ಯಾವ ಆಸರೆಯಿಂದ ಮೇಲೇರುತ್ತದೆ, ಆಸರೆಯಿಲ್ಲದವರ ಗತಿಯೇನು ಎಂಬ ಪ್ರಶ್ನೆಯನ್ನು ಇಂಥ ಸಂದರ್ಭದಲ್ಲಿಯೇ ಕೇಳಬೇಕಾಗುತ್ತದೆ. ಅದಕ್ಕೆ ಉತ್ತರವನ್ನರಸಲು ಈ ಆಟದ ಅತಿಶ್ರೇಷ್ಠ ಸಾಧಕನಾದ ಫಿಲ್ ಟೇಲರನ ವೃತ್ತಿಜೀವನಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು.

ಡಾರ್ಟ್ಸ್ ನೋಟಕ್ಕೆ ಸುಲಭವಾದ ಆಟ. ಏಳು ಅಡಿ ಒಂಬತ್ತೂಕಾಲು ಅಂಗುಲ ದೂರದಲ್ಲಿ ನಿಂತು, ಗೋಡೆಯ ಮೇಲಣ ದುಂಡು ಹಲಗೆಗೆ ಕಿರುಬಾಣಗಳನ್ನು ಎಸೆಯಬೇಕು. ೫೦೧ರಿಂದ ಕಳೆಯುತ್ತ ಕಳೆಯುತ್ತ ಸೊನ್ನೆಗೆ ಇಳಿಯಬೇಕು. ಕೊನೆಯ ಬಾಣ ಇಮ್ಮಡಿ ಎಣಿಕೆಯ ಸ್ಥಾನದಲ್ಲಿಯೇ ನೆಡಬೇಕು. ಇಪ್ಪತ್ತರ ಎಡಬಲಗಳಲ್ಲಿ ಐದನ್ನೂ ಒಂದನ್ನೂ ಇರಿಸಿರುವುದರಿಂದ, ಕೂದಲೆಳೆಯಷ್ಟು ತಪ್ಪಿದವನಿಗೂ ದಂಡನೆ ಕಾದಿರುತ್ತದೆ. ಇಲ್ಲಿ ಬೇಕಾದುದು ದೇಹಬಲವಲ್ಲ. ಒಂದೇ ಚಲನೆಯನ್ನು ಸಹಸ್ರಾವರ್ತಿ ಕಿಂಚಿತ್ತೂ ವ್ಯತ್ಯಾಸವಿಲ್ಲದೆ ಮಾಡುವ ತೋಳು. ದಿನವಿಡೀ ಒಂದೇ ಕೆಲಸದಲ್ಲಿ ಪಳಗಿದ ಕೈಗಳ ಜನ ಸಂಜೆ ಪಾನಗೃಹಗಳಲ್ಲಿ ಈ ಆಟವನ್ನು ತಮ್ಮದಾಗಿಸಿಕೊಂಡುದು ಆಶ್ಚರ್ಯವಲ್ಲ.

ಟೇಲರನು ಅಂಥ ಜನರಲ್ಲಿ ಒಬ್ಬನು. ೧೯೬೦ರಲ್ಲಿ ಇಂಗ್ಲೆಂಡಿನ ಕುಂಬಾರಿಕೆಯ ತವರಾದ ಸ್ಟೋಕ್-ಆನ್-ಟ್ರೆಂಟಿನಲ್ಲಿ ಹುಟ್ಟಿದ ಆತನು ಶೌಚಗೃಹಗಳಿಗೆ ಬೇಕಾದ ಪಿಂಗಾಣಿಯ ಹಿಡಿಕೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದನು. ಅದೇ ನಗರದ ಬರ್ಸ್ಲೆಮ್ ಭಾಗದಲ್ಲಿ, ಐದು ಬಾರಿ ವಿಶ್ವವಿಜಯಿಯಾಗಿದ್ದ ಎರಿಕ್ ಬ್ರಿಸ್ಟೋವನದೊಂದು ಪಾನಗೃಹವಿದ್ದಿತು. ಟೇಲರನ ಕೈಗುಣವನ್ನು ಅಲ್ಲಿ ಕಂಡ ಬ್ರಿಸ್ಟೋವನು ಹತ್ತು ಸಾವಿರ ಪೌಂಡುಗಳನ್ನು ಸಾಲವಾಗಿ ಕೊಟ್ಟು, ಕಾರ್ಖಾನೆಯ ಕೆಲಸ ಬಿಟ್ಟು ಆಟಕ್ಕೆ ನಿಲ್ಲುವಂತೆ ಮಾಡಿದನು.

ಆ ವೇಳೆಗೆ ಬ್ರಿಸ್ಟೋವನನ್ನೇ ಒಂದು ವಿಚಿತ್ರ ಬಾಧೆ ಹಿಡಿದಿತ್ತು. ಬಾಣವನ್ನು ಬಿಡಬೇಕಾದ ಕ್ಷಣದಲ್ಲಿ ಬೆರಳುಗಳು ಬಿಡಲೊಲ್ಲವು. ಡಾರ್ಟೈಟಿಸ್ ಎಂದು ಅದಕ್ಕೆ ಹೆಸರೇ ಬಿದ್ದಿದೆ. ೧೯೯೦ರ ವಿಶ್ವಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಗುರುಶಿಷ್ಯರು ಎದುರುಬದುರು ನಿಂತರು. ಟೇಲರನು ೬–೧ರಿಂದ ಗೆದ್ದನು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬ್ರಿಸ್ಟೋವನಾದರೋ ಆ ಸೋಲಿಗೆ ತನ್ನ ಹಣವನ್ನೇ ತೆತ್ತಿದ್ದನು. ಆಗ ಟೇಲರನಿಗೆ ಇಪ್ಪತ್ತೊಂಬತ್ತು ವಯಸ್ಸು. ಬಹುಮಾನ ೨೪ ಸಾವಿರ ಪೌಂಡು.

ಮುಂದಿನ ದಾರಿಯೂ ಸುಗಮವಾಗಿರಲಿಲ್ಲ. ೧೯೮೦ರ ದಶಕದ ಕೊನೆಗೆ ದೂರದರ್ಶನವು ಈ ಆಟದಿಂದ ಬಹುಮಟ್ಟಿಗೆ ಮುಖ ತಿರುಗಿಸಿದ್ದರಿಂದ ವೃತ್ತಿಯ ಆಟಗಾರರ ಅನ್ನಕ್ಕೆ ಸಂಚಕಾರ ಬಂದಿತ್ತು. ೧೯೯೩ರಲ್ಲಿ ಟೇಲರನೂ ಸೇರಿ ಹದಿನಾರು ಮಂದಿ ಹಳೆಯ ಸಂಸ್ಥೆಯನ್ನು ತೊರೆದು ತಮ್ಮದೇ ಸಂಘದೊಂದಿಗೆ ನಿಂತರು. ಮೊಕದ್ದಮೆ ನಡೆದು ೧೯೯೭ರಲ್ಲಿ ರಾಜಿಯಾಯಿತು. ಹಳೆಯ ಸಂಸ್ಥೆ ೨೦೨೦ರಲ್ಲಿ ಮುಚ್ಚಿಯೇಹೋಯಿತು. ಟೇಲರನು ೧೯೯೫ರಿಂದ ೨೦೦೨ರವರೆಗೆ ಸತತ ಎಂಟು ವರ್ಷ ವಿಶ್ವವಿಜಯಿಯಾದನು. ೨೦೧೩ರ ವೇಳೆಗೆ ಗೆಲವುಗಳ ಸಂಖ್ಯೆ ಹದಿನಾರಕ್ಕೇರಿತು. ಇಂದಿನ ಹತ್ತು ಲಕ್ಷದ ಹಿಂದೆ ಆ ಹದಿನಾರು ಮಂದಿ ಒಡ್ಡಿಕೊಂಡ ಅಪಾಯವಿದೆ ಎಂಬುದನ್ನು ಮರೆಯಲಾಗದು.

ಈಗಿನ ವ್ಯವಸ್ಥೆಯನ್ನು ನೋಡೋಣ. ಲಿಟ್ಲರನಂಥ ಬಾಲಕನಿಗೆ ಸೇಂಟ್ ಹೆಲೆನ್ಸಿನ ಡಾರ್ಟ್ಸ್ ಶಾಲೆಯ ಶಿಕ್ಷಣ ದೊರೆಯಿತು. ಆತನು ಕಾರ್ಖಾನೆಯ ಮೆಟ್ಟಿಲು ಹತ್ತಬೇಕಾಗಲಿಲ್ಲ. ಇದು ಸಂತೋಷದ ವಿಷಯ. ಆದರೆ ವೃತ್ತಿಯ ಸಂಚಾರದಲ್ಲಿ ಸ್ಥಾನವಿರುವುದು ಸುಮಾರು ೧೨೮ ಮಂದಿಗೆ. ಸ್ಥಾನ ಪಡೆದವನಿಗೆ ಎರಡು ವರ್ಷಗಳ ಅವಧಿ. ಅಷ್ಟರಲ್ಲಿ ಗಳಿಸಿದ ಬಹುಮಾನದ ಮೊತ್ತದಿಂದಲೇ ಶ್ರೇಯಾಂಕ ನಿರ್ಧಾರವಾಗುತ್ತದೆ. ಮೊದಲ ಅರುವತ್ತನಾಲ್ವರೊಳಗೆ ನಿಲ್ಲದವನು ಸಾಮಾನ್ಯವಾಗಿ ಮತ್ತೆ ಅರ್ಹತಾ ಸ್ಪರ್ಧೆಯ ಬಾಗಿಲಲ್ಲಿ ನಿಲ್ಲಬೇಕು. ಪ್ರಯಾಣ, ವಸತಿಗಳ ವೆಚ್ಚ ಆತನ ತಲೆಯ ಮೇಲೆಯೇ. ಅಂದರೆ ಹಿಂದೆ ಬ್ರಿಸ್ಟೋವನು ಹೊತ್ತ ಹೊರೆಯನ್ನು ಇಂದಿನ ದುಡಿಮೆಗಾರನು ತಾನೇ ಹೊರಬೇಕು. ದುಡಿಮೆಯ ದಣಿವನ್ನು ನೀಗಲು ಹುಟ್ಟಿದ ಆಟ ತಾನೇ ದಣಿಸುವ ದುಡಿಮೆಯಾಗಿದೆ.

ಬಾಗಿಲು ಮುಚ್ಚಿಹೋಗಿದೆ ಎಂದೂ ಹೇಳುವಂತಿಲ್ಲ. ೨೦೧೮ರ ಜನವರಿ ೧ರಂದು, ಐವತ್ತೇಳರ ಟೇಲರನು ತನ್ನ ಕೊನೆಯ ವಿಶ್ವಸ್ಪರ್ಧೆಯ ಅಂತಿಮ ಪಂದ್ಯವನ್ನಾಡಿದಾಗ ಅವನನ್ನು ೭–೨ರಿಂದ ಸೋಲಿಸಿದವನು ರಾಬ್ ಕ್ರಾಸ್. ಟೇಲರನು ಮೊದಲು ಗೆದ್ದ ವರ್ಷದಲ್ಲಿ ಹುಟ್ಟಿದವನು. ವಿದ್ಯುತ್ ಕೆಲಸದಿಂದ ಜೀವಿಸುತ್ತಿದ್ದು, ವೃತ್ತಿಯ ಆಟಕ್ಕಿಳಿದ ಮೊದಲ ವರ್ಷದಲ್ಲಿಯೇ ಶಿಖರವನ್ನು ಮುಟ್ಟಿದವನು. ಆದರೆ ಅಂಥ ಒಬ್ಬನ ಅದೃಷ್ಟವನ್ನು ವ್ಯವಸ್ಥೆಯ ಔದಾರ್ಯವೆಂದು ಎಣಿಸುವುದು ಸರಿಯಲ್ಲ.

ಕಲೆಯೇ ಆಗಲಿ ಕ್ರೀಡೆಯೇ ಆಗಲಿ, ಅದರ ಆರೋಗ್ಯವನ್ನು ಅಗ್ರಸ್ಥಾನದವನ ಬಹುಮಾನದಿಂದ ಅಳೆಯುವುದು ರೂಢಿಯಾಗಿದೆ. ಎಪ್ಪತ್ತನೆಯ ಸ್ಥಾನದಲ್ಲಿರುವವನು ಮನೆಯವರನ್ನು ಸಾಕಬಲ್ಲನೇ, ಮೂವತ್ತರ ಸಮೀಪದಲ್ಲಿ ಕೆಲಸ ಬಿಟ್ಟು ಬರುವವನಿಗೆ ಎರಡು ವರ್ಷಗಳ ಅನ್ನವನ್ನು ಯಾರು ಕೊಡುವರು ಎಂಬುದೇ ನಿಜವಾದ ಅಳತೆ. ಹತ್ತು ಲಕ್ಷದಲ್ಲಿ ಒಂದಂಶವನ್ನು ಅಂಥವರಿಗಾಗಿ ತೆಗೆದಿರಿಸಿದರೆ ಲಿಟ್ಲರನ ಕೀರ್ತಿಗೆ ಕುಂದಾಗಲಾರದು. ಪಿಂಗಾಣಿಯ ಹಿಡಿಕೆ ಮಾಡುತ್ತಿರುವ ಇನ್ನೊಬ್ಬ ಟೇಲರನು ಬ್ರಿಸ್ಟೋವನ ಕಣ್ಣಿಗೆ ಬೀಳುವ ಆಕಸ್ಮಿಕಕ್ಕಾಗಿ ಕಾಯಬೇಕಾಗದು.