ಹೆಳವರ ಹೊತ್ತಿಗೆ ಅಂತರ್ಜಾಲಕ್ಕೆ ಬರಲಿ
1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಹತನಾದ ಬ್ರಿಟಿಷ್ ಅಧಿಕಾರಿ ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕವಿದೆ. ಭಾರತದಲ್ಲಿರುವ ಯುರೋಪಿಯನ್ನರ ಗೋರಿಗಳನ್ನು ದಾಖಲಿಸಲು ಬ್ರಿಟನ್ನಿನ ಸಂಘವೊಂದು 1976ರಿಂದ ದುಡಿಯುತ್ತಿದೆ. ನಮ್ಮವರ ಮಾತೇನು? 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡ ಕಿತ್ತೂರಿನ ರಾಣಿ ಚೆನ್ನಮ್ಮನ ಸಮಾಧಿ ಎಲ್ಲರಿಗೂ ಗೊತ್ತು. ಆಕೆಗಾಗಿ ಮಡಿದ ಬಹುತೇಕರ ಗುರುತೇ ಇಲ್ಲ. ಹೊಲದ ಬದುವಿನಲ್ಲಿ ಹೂಳುವ, ಇಲ್ಲವೇ ಸುಡುವ ಈ ಸೀಮೆಯಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿದವರು ಕಡಿಮೆ. ಹೆಸರು ಉಳಿಸಿದವರು ಹೆಳವರು. ಸುಗ್ಗಿಯ ನಂತರ ಎತ್ತಿನೊಂದಿಗೆ ಬಂದು, ಮನೆತನದ ಮೂಲ ಊರು, ಬೆಡಗು, ತಲೆಮಾರುಗಳನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸಿ, ಕಾಳುಕಡಿ ಪಡೆದು ಹೋಗುತ್ತಿದ್ದರು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿರುವಾಗ ಆ ಹೊತ್ತಿಗೆಗಳು ಅಟ್ಟದ ಮೇಲೆ ಗೆದ್ದಲಿನ ಪಾಲಾಗಬಾರದು. ಚಿತ್ರ ತೆಗೆದು, ಅಕ್ಷರಕ್ಕಿಳಿಸಿ ಅಂತರ್ಜಾಲದಲ್ಲಿಡಬೇಕು.

ಇದರಿಂದ ಆಸ್ತಿ ವ್ಯಾಜ್ಯ ಏಳುತ್ತದೆ, ಜಾತಿಯ ಹಮ್ಮು ಬೆಳೆಯುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಬದುಕಿರುವವರ, ಇತ್ತೀಚಿನ ಎರಡು ತಲೆಮಾರಿನವರ ವಿವರ ಕೈಬಿಟ್ಟರೆ ಮೊದಲನೆಯದು ಬಹುಪಾಲು ತಗ್ಗುತ್ತದೆ. ಊರೂರು ಅಲೆದು ನೆಲೆನಿಂತ ಕುಟುಂಬಗಳ ಕಥೆ ತಿಳಿದರೆ ಹಮ್ಮು ಕರಗುವುದೇ ಹೆಚ್ಚು ಎಂಬುದು ನನ್ನ ನಂಬಿಕೆ. ಹೆಳವರ ಹೊಟ್ಟೆಪಾಡಿನ ಪ್ರಶ್ನೆ ಇನ್ನೂ ದೊಡ್ಡದು: ಅವರ ಒಪ್ಪಿಗೆಯಿಲ್ಲದೆ ಒಂದು ಪುಟವನ್ನೂ ಮುಟ್ಟಬಾರದು, ಓದಿಸಿದ್ದಕ್ಕೆ ಗೌರವಧನ ಕೊಡಲೇಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸವದತ್ತಿ, ರಾಮದುರ್ಗದ ಕಾಲೇಜುಗಳನ್ನು ಜೊತೆಗೆ ಕರೆದುಕೊಂಡು ಈ ವರ್ಷವೇ ಕೆಲಸ ಆರಂಭಿಸಲಿ.